ಮಳೆಯಲ್ಲಿ ಬ್ರೇಕ್ ಹಿಡಿಯದ ಸೈಕಲ್: ಸೆಕೆಂಡ್ ಹ್ಯಾಂಡ್ ಸೈಕಲ್‌ನಲ್ಲಿ ಮೂರು ಮಳೆಗಾಲ

ಬ್ರೇಕ್ ವಿಷಯ ಮೊದಲೇ ಹೇಳಿಬಿಡುತ್ತೇನೆ. ಹಳೇ ಸೈಕಲ್ ಕೊಳ್ಳಲು ಹೋದವರು ಪೇಂಟ್ ನೋಡುತ್ತಾರೆ, ಟೈರ್ ಒತ್ತಿ ನೋಡುತ್ತಾರೆ, ಬೆಲ್ ಹೊಡೆದು ನೋಡುತ್ತಾರೆ. ಮಳೆಯಲ್ಲಿ ಇದು ನಿಲ್ಲುತ್ತದಾ ಅಂತ ಯಾರೂ ನೋಡುವುದಿಲ್ಲ. ನಾನೂ ನೋಡಿರಲಿಲ್ಲ. ಕೊಂಡದ್ದು 2023ರ ಜನವರಿಯಲ್ಲಿ. ಆ ವರ್ಷ ಜೂನ್‌ನಲ್ಲಿ ಮಳೆ ಕೈಕೊಟ್ಟಿತ್ತು. ಹಾಗಾಗಿ ಈ ದೋಷ ಗೊತ್ತಾಗಲು ಜುಲೈ ಬರಬೇಕಾಯಿತು.

ಜೋರು ಮಳೆಯೇನೂ ಅಲ್ಲ, ಜಿಟಿಜಿಟಿ. ನಮ್ಮ ಶಿವಮೊಗ್ಗದ ತುಂಗಾ ಸೇತುವೆ ದಾಟಿ ಬೆಕ್ಕಿನ ಕಲ್ಮಠದ ಹತ್ತಿರ ಬರುತ್ತಿದ್ದೆ. ಯಾರೋ ಕೈ ತೋರಿಸಿದರು ಅಂತ ಮುಂದಿದ್ದ ಆಟೋ ಗಕ್ಕನೆ ನಿಂತಿತು. ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದೆ. ಸೈಕಲ್‌ಗೆ ಅದು ಗೊತ್ತೇ ಆಗಲಿಲ್ಲ. ಅದೇ ವೇಗದಲ್ಲಿ ಜಾರಿಕೊಂಡು ಹೋಯಿತು. ಕಾಲು ನೆಲಕ್ಕೆ ಉಜ್ಜಿದರೂ ಮುಂದಿನ ಚಕ್ರ ಆಟೋದ ಹಿಂದಕ್ಕೆ ಹೋಗಿ ಬಡಿಯಿತು. ಆಟೋದವರು ಇಳಿದು ಬಂದರು. ಬೈಯಲಿಲ್ಲ. "ಪೆಟ್ಟಾಯ್ತಾ ಅಣ್ಣಾ?" ಅಂತ ಕೇಳಿ, ಕ್ಯಾರಿಯರ್‌ನಿಂದ ಬಿದ್ದ ಊಟದ ಡಬ್ಬಿ ಎತ್ತಿಕೊಟ್ಟರು. ಅಂಗೈ ತರಚಿತ್ತು, ಅಷ್ಟೇ. ಆದರೆ ಅಂಗಡಿ ತಲುಪುವ ತನಕ ಕೈ ನಡುಗುತ್ತಿತ್ತು. ಆಟೋ ಬದಲು ಅಲ್ಲೊಂದು ಮಗು ಇದ್ದಿದ್ದರೆ ಅನ್ನುವ ಯೋಚನೆ ಒಂದು ವಾರ ಬಿಡಲಿಲ್ಲ.

ಸೈಕಲ್ ಯಾಕೆ ತೆಗೆದುಕೊಂಡೆ ಅಂತ ಹೇಳಬೇಕಲ್ವಾ. ನಮ್ಮ ಮನೆ ಹರಿಗೆಯಲ್ಲಿ. ಕೆಲಸ ದುರ್ಗಿಗುಡಿಯ ಒಂದು ಬೈಂಡಿಂಗ್ ಅಂಗಡಿಯಲ್ಲಿ. ಹೋಗಲು ಸುಮಾರು ಐದು ಕಿಲೋಮೀಟರ್, ಬರಲು ಅಷ್ಟೇ. ಮಗಳಿಗೆ ನವುಲೆ ಕಡೆ ಕಾಲೇಜು ಸಿಕ್ಕಿತು. ಅದು ಊರಿನ ಇನ್ನೊಂದು ತುದಿ. ಸ್ಕೂಟರ್ ಅವಳಿಗೆ ಕೊಟ್ಟೆ. ಇನ್ನೊಂದು ಗಾಡಿಗೆ ಸಾಲ ಮಾಡುವ ಮನಸ್ಸಿರಲಿಲ್ಲ. ಪೆಟ್ರೋಲ್ ಲೀಟರಿಗೆ ನೂರು ದಾಟಿತ್ತು. ನನ್ನ ಓಡಾಟಕ್ಕೇ ತಿಂಗಳಿಗೆ ಆರುನೂರರ ಹತ್ತಿರ ಆಗುತ್ತಿತ್ತು. ಹೊಸ ಸೈಕಲ್‌ಗೆ ಅಂಗಡಿಯಲ್ಲಿ ಏಳು ಸಾವಿರ ಹೇಳಿದರು. ನನ್ನ ಕೈಯಲ್ಲಿದ್ದದ್ದು ಮೂರು ಸಾವಿರ.

ಹುಡುಕಲು ಹೋದಾಗ ಜಾಸ್ತಿ ಕಣ್ಣಿಗೆ ಬಿದ್ದದ್ದು ಶಾಲೆ ಮಕ್ಕಳ ಸೈಕಲ್. ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡುವುದು ಶುರುವಾದದ್ದು 2006-07ರಲ್ಲಿ. ನಮ್ಮ ಕಡೆ ಎಷ್ಟೋ ಮನೆಗಳ ಮೊದಲ ಸೈಕಲ್ ಅದೇ. ಮಕ್ಕಳು ದೊಡ್ಡವರಾದ ಮೇಲೆ ಹಿತ್ತಲ ಗೋಡೆಗೆ ಒರಗಿಕೊಂಡಿರುತ್ತದೆ. ಒಂದನ್ನು ಹತ್ತಿ ನೋಡಿದೆ, ಮೊಣಕಾಲು ಹ್ಯಾಂಡಲ್‌ಗೆ ತಾಗಿತು. ಎತ್ತರದವರಿಗೆ ಅದು ಆಗುವುದಿಲ್ಲ.

ಮನಸ್ಸಿನಲ್ಲಿದ್ದದ್ದು ಅಟ್ಲಾಸ್. ನಮ್ಮಪ್ಪ ಓಡಿಸುತ್ತಿದ್ದದ್ದು ಅದೇ. ದೊಡ್ಡ ಚಕ್ರದ ಕಪ್ಪು ಸೈಕಲ್, ಹಿಂದೆ ಐವತ್ತು ಕೆಜಿ ಅಕ್ಕಿ ಮೂಟೆ ಕಟ್ಟಿದರೂ ಅಲ್ಲಾಡುತ್ತಿರಲಿಲ್ಲ. ಸಾಹಿಬಾಬಾದ್‌ನ ಅಟ್ಲಾಸ್ ಕಾರ್ಖಾನೆ 2020ರ ಜೂನ್ 3ರಂದು ಕೆಲಸ ನಿಲ್ಲಿಸಿತು. ಅವತ್ತು ವಿಶ್ವ ಸೈಕಲ್ ದಿನ. ಆ ಸುದ್ದಿ ಓದಿದಾಗ ಅಪ್ಪ ನೆನಪಾಗಿ ಗಂಟಲು ಕಟ್ಟಿತ್ತು. ಒಳ್ಳೆ ಸ್ಥಿತಿಯ ಅಟ್ಲಾಸ್ ಸಿಗಲಿಲ್ಲ. ಸಿಕ್ಕಿದ್ದು ಇಪ್ಪತ್ತಾರು ಇಂಚಿನ, ಗೇರ್ ಇಲ್ಲದ, ಅಡ್ಡ ಬಾರ್ ಇರುವ ಸೈಕಲ್. ಬೆಲೆ 2,200 ರೂಪಾಯಿ. ಕಂಪನಿ ಯಾವುದು ಅಂತ ಕೇಳಬೇಡಿ. ಸ್ಟಿಕ್ಕರ್ ಕಿತ್ತು ಮೇಲೆ ನೀಲಿ ಪೇಂಟ್ ಹೊಡೆದಿದ್ದರು.

ಹೊಸ ಪೇಂಟ್ ಹೊಡೆದ ಹಳೇ ಸೈಕಲ್ ಕಂಡರೆ ಎಚ್ಚರ ಇರಲಿ. ಮುಂದಿನ ಫೋರ್ಕ್ ಸೇರುವ ಕಡೆ, ಫ್ರೇಮ್ ಪೈಪಿನ ಅಡಿಭಾಗಕ್ಕೆ ಬೆರಳು ಆಡಿಸಿ. ಅಲ್ಲಿ ಉಬ್ಬು, ಸುಕ್ಕು, ಕೂದಲೆಳೆಯಂಥ ಗೆರೆ ಸಿಕ್ಕಿದರೆ ಅದು ಎಲ್ಲೋ ಡಿಕ್ಕಿ ಹೊಡೆದ ಸೈಕಲ್, ಬಿಟ್ಟುಬಿಡಿ. ನನ್ನದರಲ್ಲಿ ಹಾಗೇನೂ ಇರಲಿಲ್ಲ. ಹಳೇ ಬಿಲ್ ಕೇಳಿದೆ, ಮಾರುವವರ ಹತ್ತಿರ ಇತ್ತು. ಫ್ರೇಮ್ ಮೇಲೆ ಕೊರೆದ ನಂಬರ್ ಬಿಲ್‌ನಲ್ಲಿ ಇದ್ದದ್ದೇ. ಪೇಂಟ್ ಕೆರೆದು ಓದಿ, ತಾಳೆ ನೋಡಿದ ಮೇಲೇ ದುಡ್ಡು ಕೊಟ್ಟದ್ದು. ಕದ್ದ ಸೈಕಲ್ ತಂದರೆ ಇನ್ನೊಬ್ಬ ಬಡವನ ಹೊಟ್ಟೆ ಮೇಲೆ ಹೊಡೆದ ಹಾಗೆ.

ಜನವರಿಯಿಂದ ಮೇ ತನಕ ನನಗೆ ಈ ಸೈಕಲ್ ಮೇಲೆ ಪ್ರೀತಿಯೋ ಪ್ರೀತಿ. ಪಾಲಿಶ್ ಮಾಡಿದ ಸ್ಟೀಲ್ ರಿಮ್ಮು ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಆಗ ಅದೇ ನನಗೆ ಇಷ್ಟ. ಆಮೇಲೆ ಮೋಸ ಮಾಡಿದ್ದೂ ಅದೇ.

ಆಟೋಗೆ ಬಡಿದ ಸಂಜೆ ಸೈಕಲ್ ತಳ್ಳಿಕೊಂಡು ರಿಪೇರಿ ಅಂಗಡಿಗೆ ಹೋದೆ. ಅಲ್ಲಿನ ಭಾಯಿಗೆ ಅರವತ್ತು ದಾಟಿದೆ. ಬ್ರೇಕ್ ರಬ್ಬರ್ ಬದಲಾಯಿಸಿ ಅಂದೆ. ಅವರು ರಬ್ಬರ್ ಉಗುರಿನಿಂದ ಒತ್ತಿ ನೋಡಿದರು. "ರಬ್ಬರ್ ಚೆನ್ನಾಗೇ ಇದೆ ಸಾರ್. ಸುಮ್ನೆ ದುಡ್ಡು ಯಾಕೆ ಹಾಕ್ತೀರಾ. ರಿಮ್ಮು ಸ್ಟೀಲ್ ಅಲ್ವಾ, ನೀರು ಬಿದ್ರೆ ಗಾಜಿನ ಥರ" ಅಂದರು. ಒಂದು ಮಗ್ ನೀರು ರಿಮ್ ಮೇಲೆ ಹಾಕಿ, ಚಕ್ರ ತಿರುಗಿಸಿ, ಬ್ರೇಕ್ ಹಿಡಿದು ತೋರಿಸಿದರು. ಚಕ್ರ ಸುತ್ತುತ್ತಲೇ ಇತ್ತು. ಮೂರ್ನಾಲ್ಕು ಸುತ್ತು ಆದ ಮೇಲೆ ರಬ್ಬರ್ ನೀರನ್ನು ಒರೆಸಿ ಹಾಕಿತು, ಆಮೇಲೆ ಹಿಡಿಯಿತು. ಇಪ್ಪತ್ತಾರು ಇಂಚಿನ ಚಕ್ರ ಒಂದು ಸುತ್ತಿಗೆ ಎರಡು ಮೀಟರ್ ಹೋಗುತ್ತದೆ. ಬ್ರೇಕ್ ಕೆಲಸ ಶುರು ಮಾಡುವ ಮೊದಲೇ ಆರೆಂಟು ಮೀಟರ್ ಮುಗಿದಿರುತ್ತದೆ. ಆಟೋ ಅಷ್ಟು ದೂರ ಇರಲಿಲ್ಲ.

ಅಲ್ಯೂಮಿನಿಯಂ ರಿಮ್ಮು, ಅಂಗಡಿಯವರು ಅಲಾಯ್ ಅನ್ನುತ್ತಾರೆ, ಒದ್ದೆಯಾದರೂ ಇಷ್ಟು ಜಾರುವುದಿಲ್ಲ. ಎರಡೂ ಚಕ್ರಕ್ಕೆ ಹಾಕಿಸುವಷ್ಟು ದುಡ್ಡು ಆಗ ಇರಲಿಲ್ಲ. ಭಾಯಿಯನ್ನು ಕೇಳಿದೆ. "ಒಂದೇ ಮಾಡಿಸೋದಾದ್ರೆ ಮುಂದಿನದು ಮಾಡ್ಸಿ. ಬ್ರೇಕ್ ಹಿಡಿದಾಗ ಭಾರ ಎಲ್ಲ ಮುಂದಕ್ಕೆ ಬರುತ್ತೆ" ಅಂದರು. ಆ ಮಾತಿನಿಂದ ನನಗೆ ಅರ್ಧ ದುಡ್ಡು ಉಳಿಯಿತು. ರಿಮ್ಮು, ಕಡ್ಡಿ, ಹೆಣೆಯುವ ಕೂಲಿ ಸೇರಿ 950 ರೂಪಾಯಿ. ಅವರು ಕಡ್ಡಿ ಹೆಣೆಯುವುದನ್ನು ಒಂದು ಗಂಟೆ ಕೂತು ನೋಡಿದೆ. ಮೂವತ್ತಾರು ಕಡ್ಡಿ. ಒಂದೊಂದನ್ನೂ ಬೆರಳಿಂದ ಮೀಟಿ, ಸದ್ದು ಕೇಳಿ, ಬೆಂಡ್ ತೆಗೆದರು. ಪುಸ್ತಕ ಹೊಲಿಯುವ ಕೆಲಸದವನು ನಾನು. ದಾರ ಎಲ್ಲ ಕಡೆ ಒಂದೇ ಬಿಗಿ ಇರಬೇಕು ಅನ್ನುವುದು ಗೊತ್ತು. ಅವರ ಕೈ ನೋಡಿ ತುಂಬ ಗೌರವ ಬಂತು.

ಮುಂದಿನ ದಿನದಿಂದ ಸೈಕಲ್ ಬೇರೆಯೇ ಆಯಿತು. ಮಳೆಯಲ್ಲೂ ಹಿಡಿದ ಕಡೆ ನಿಲ್ಲುತ್ತದೆ. ಒಣ ರಸ್ತೆಯಷ್ಟು ಬೇಗ ಅಲ್ಲ, ಆದರೆ ನಂಬಬಹುದು. ಮಳೆಯಲ್ಲಿ ಹೋಗುವಾಗ ಈಗ ಆಗಾಗ ಬ್ರೇಕ್ ಸುಮ್ನೆ ಮುಟ್ಟಿಸಿ ಬಿಡುತ್ತೇನೆ. ರಿಮ್ಮಿನ ನೀರು ಒರೆಸಿಹೋಗುತ್ತದೆ, ಬೇಕಾದಾಗ ತಕ್ಷಣ ಹಿಡಿಯುತ್ತದೆ. ಹಿಂದಿನ ಚಕ್ರ ಇನ್ನೂ ಸ್ಟೀಲೇ. ಅದನ್ನು ನಂಬಿ ಇಳಿಜಾರು ಇಳಿಯುವುದಿಲ್ಲ.

ಇನ್ನೊಂದು ಅಭ್ಯಾಸ ಆಗಿದೆ. ಬೆಳಗ್ಗೆ ಕಾಫಿ ಕುಡಿದು ಹತ್ತು ನಿಮಿಷ ಸೈಕಲ್ ಜೊತೆ ಕೂರುತ್ತೇನೆ. ಹಳೇ ಪಂಚೆಯ ತುಂಡಿನಿಂದ ಎರಡೂ ರಿಮ್ಮು ಒರೆಸುತ್ತೇನೆ. ಕೆಂಪು ಮಣ್ಣು, ಎಣ್ಣೆ ಜಿಡ್ಡು ಬಟ್ಟೆಗೆ ಬರುತ್ತದೆ. ಬ್ರೇಕ್ ರಬ್ಬರಿನಲ್ಲಿ ಮರಳಿನ ಕಣ ಸಿಕ್ಕಿಕೊಂಡಿದ್ದರೆ ದಬ್ಬಳದ ತುದಿಯಿಂದ ಕೀಳುತ್ತೇನೆ. ಅಲಾಯ್ ಮೆತ್ತಗಿನ ಲೋಹ, ಕಲ್ಲು ಕೂತರೆ ರಿಮ್ಮನ್ನೇ ಗೀರಿಹಾಕುತ್ತದೆ. ಸೋಮವಾರ ಗಾಳಿ ಹೊಡೆಯುವ ದಿನ. ಭಾನುವಾರ ಚೈನ್‌ಗೆ ಎಣ್ಣೆ. ಬೇಸಿಗೆಯಲ್ಲಿ ಹೊಲಿಗೆ ಮಷಿನ್ ಎಣ್ಣೆ ಸಾಕು. ಮಳೆಗಾಲದಲ್ಲಿ ಅದು ಎರಡೇ ದಿನಕ್ಕೆ ತೊಳೆದುಹೋಗುತ್ತದೆ, ದಪ್ಪ ಗೇರ್ ಆಯಿಲ್ ಬೇಕು. ಒಂದೊಂದು ಕೊಂಡಿಗೆ ಒಂದೊಂದು ಹನಿ ಬಿಟ್ಟು, ಪೆಡಲ್ ಹಿಂದಕ್ಕೆ ತಿರುಗಿಸಿ, ಮೇಲಿನದನ್ನು ಒರೆಸಿಬಿಡಬೇಕು. ಎಣ್ಣೆ ಒಳಗಿರಬೇಕು, ಹೊರಗಿದ್ದರೆ ಮಣ್ಣು ಹಿಡಿಯುತ್ತದೆ. ಆ ಹೊತ್ತಿಗೆ ಫ್ರೀವೀಲಿನ, ಅಂದರೆ ಹಿಂದಿನ ಚಕ್ರದಲ್ಲಿ ಚೈನ್ ಕೂರುವ ಹಲ್ಲಿನ ಬಿಲ್ಲೆಯ, ಟಿಕಿಟಿಕಿ ಸದ್ದು ಬಿಟ್ಟರೆ ಅಂಗಳದಲ್ಲಿ ಬೇರೆ ಸದ್ದಿರುವುದಿಲ್ಲ. ದಿನದಲ್ಲಿ ನನ್ನದು ಅಂತ ಇರುವ ಹತ್ತು ನಿಮಿಷ ಅದು.

ಆಮೇಲೆ ಸೇತುವೆ. ಸ್ಕೂಟರ್‌ನಲ್ಲಿ ಎಷ್ಟೋ ವರ್ಷ ದಾಟಿದ್ದೇನೆ, ಹೊಳೆ ನೋಡಿದ್ದು ಕಡಿಮೆ. ಸೈಕಲ್ ಆದರೆ ಪಕ್ಕಕ್ಕೆ ನಿಲ್ಲಿಸಿ ಎರಡು ನಿಮಿಷ ನೋಡಬಹುದು. ಗಾಜನೂರು ಅಣೆಕಟ್ಟಿನಿಂದ ನೀರು ಬಿಟ್ಟ ದಿನ ಹೊಳೆಯ ಬಣ್ಣವೇ ಬೇರೆ, ಕೆಂಪು ಚಹಾದ ಬಣ್ಣ. ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿದರೆ ಊರಿಗೆಲ್ಲ ಹೊಳೆ ತುಂಬಿತು ಅನ್ನುವ ಸಂಭ್ರಮ. ನೋಡಲು ಜನ ಸೇರುತ್ತಾರೆ. ಮೂರು ಮಳೆಗಾಲದಿಂದ ಎಷ್ಟು ಮೆಟ್ಟಿಲು ಮುಳುಗಿತು, ಎಷ್ಟು ಉಳಿಯಿತು ಅಂತ ಮನೆಗೆ ಹೋಗಿ ಹೇಳುವವನು ನಾನೇ. ಹೆಂಡತಿ ಈಗ ಬಾಗಿಲಲ್ಲೇ ಕೇಳುತ್ತಾಳೆ, "ಹೊಳೆ ಎಲ್ಲಿ ತನಕ ಬಂತು?"

ಬೇರೆ ಖರ್ಚು ಬೇಗ ಹೇಳಿ ಮುಗಿಸುತ್ತೇನೆ. ಟೈರ್ ಎರಡು, ಟ್ಯೂಬ್ ಎರಡು, ಒಂದು ಚೈನ್, ಒಂದು ಸೀಟು. ಎಲ್ಲ ಸೇರಿ 1,700ರ ಹತ್ತಿರ. ಟೈರ್ ತರುವಾಗ ಒಮ್ಮೆ ಏಮಾರಿದೆ. ಇಪ್ಪತ್ತಾರು ಇಂಚು ಅಂದರೆ ಒಂದೇ ಅಳತೆ ಅಲ್ಲ. 26 × 1.75 ಬೇರೆ, 26 × 1⅜ ಬೇರೆ. ಒಂದರ ರಿಮ್ಮಿಗೆ ಇನ್ನೊಂದು ಕೂರುವುದೇ ಇಲ್ಲ. ಹಳೇ ಟೈರ್ ಮೇಲೆ ಬರೆದದ್ದನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ. ಚೈನ್ ಸವೆದಿದೆಯಾ ಅಂತ ನೋಡಲು ಸ್ಕೇಲ್ ಸಾಕು. ಹೊಸ ಚೈನ್‌ನಲ್ಲಿ ಪಿನ್‌ನಿಂದ ಪಿನ್‌ಗೆ ಅರ್ಧ ಇಂಚು, ಇಪ್ಪತ್ತನಾಲ್ಕು ಕೊಂಡಿಗೆ ಸರಿಯಾಗಿ ಹನ್ನೆರಡು ಇಂಚು. ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಭಾಗ ಜಾಸ್ತಿ ಬಂದರೆ ಚೈನ್ ಮುಗಿದಿದೆ, ಫ್ರೀವೀಲಿನ ಹಲ್ಲನ್ನೂ ತಿಂದಿರುತ್ತದೆ. ಮಾರುವವರ ಹತ್ತಿರ ಬೆಲೆ ಇಳಿಸಲು ಇದು ಒಳ್ಳೆ ಕಾರಣ.

ಒಟ್ಟು ಲೆಕ್ಕ 4,850. ಹೊಸದಕ್ಕಿಂತ ಎರಡು ಸಾವಿರ ಕಡಿಮೆ. ಪೆಟ್ರೋಲ್ ಉಳಿದದ್ದು ಲೆಕ್ಕ ಹಾಕಿದರೆ ವರ್ಷ ತುಂಬುವ ಮೊದಲೇ ವಸೂಲಾಗಿದೆ. ಐವತ್ತು ದಾಟಿದವರು, ಸಾಗರ ರಸ್ತೆ ದಾಟಿ ಇನ್ನೂ ದೂರ ಹೋಗುವವರು ಗೇರ್ ಇರುವುದನ್ನೇ ನೋಡಿ. ನನ್ನ ದಾರಿ ಹೆಚ್ಚುಕಡಿಮೆ ಸಮತಟ್ಟು, ಅದಕ್ಕೆ ಆಯಿತು.

ಹೋದ ಭಾನುವಾರ ಪಕ್ಕದ ಮನೆ ಹುಡುಗ ಒಂದು ಹಳೇ ಸೈಕಲ್ ನೋಡಲು ಕರೆದ. ಮಾಚೇನಹಳ್ಳಿಯಲ್ಲಿ ಅವನಿಗೆ ಹೊಸ ಕೆಲಸ. ಒಂದು ಬಾಟಲಿ ನೀರು, ಮಗಳ ಹಳೇ ಜಾಮೆಟ್ರಿ ಬಾಕ್ಸ್‌ನ ಮ್ಯಾಗ್ನೆಟ್ ತೆಗೆದುಕೊಂಡು ಹೋದೆ. ಮೊದಲು ನೋಡಿದ ಸೈಕಲ್ ಹೊಸದರ ಹಾಗಿತ್ತು, ಮ್ಯಾಗ್ನೆಟ್ ರಿಮ್ಮಿಗೆ ಟಪ್ ಅಂತ ಅಂಟಿಕೊಂಡಿತು. ಸ್ಟೀಲ್. ಎರಡನೆಯದು ಪೇಂಟ್ ಹೋದ ಸೈಕಲ್. ಮ್ಯಾಗ್ನೆಟ್ ಅಂಟದೆ ನನ್ನ ಅಂಗೈಗೇ ಬಿತ್ತು. ರಿಮ್ಮಿನ ಮೇಲೆ ಪೂರ್ತಿ ಬಾಟಲಿ ನೀರು ಸುರಿದೆ. "ಹತ್ತು ಮಾರಾಯ, ಜೋರಾಗಿ ಹೋಗಿ ಆ ಕರೆಂಟ್ ಕಂಬದ ಹತ್ತಿರ ನಿಲ್ಲಿಸು" ಅಂದೆ. ಹೋದ. ಕಂಬಕ್ಕೆ ಒಂದು ಮಾರು ಮುಂಚೆಯೇ ನಿಂತ. ದುಡ್ಡು ಕೊಟ್ಟು ಅದನ್ನೇ ತಂದೆವು.