ಸಮಾಧಿಗೆ ಕಲ್ಲು ಮಾಡಿಸಿದ ಅನುಭವ: ಪಡೀಲಿನ ಒಂದು ಗ್ರಾನೈಟ್ ಅಂಗಡಿ

ನಮ್ಮ ತಂದೆಯವರ ಸಮಾಧಿಗೆ ಹೆಸರಿನ ಕಲ್ಲು ಮಾಡಿಸುವುದಕ್ಕಾಗಿ ಮಂಗಳೂರಿನ ಪಡೀಲಿನ ಕಡೆಯ ಒಂದು ಗ್ರಾನೈಟ್ ಕೆತ್ತನೆಯ ಅಂಗಡಿಗೆ ಹೋಗಿದ್ದೆ. ಹೂಳಿದ ಮಣ್ಣು ಒಂದು ಮಳೆಗಾಲ ಕಳೆದು ಗಟ್ಟಿಯಾಗಿ ಕೂತ ಮೇಲೆಯೇ ಕಲ್ಲು ನಿಲ್ಲಿಸಬೇಕೆಂದು ಅಂಗಡಿಯವರೇ ತಿಳಿಸಿ, ಅವಸರದಲ್ಲಿದ್ದ ನಮ್ಮನ್ನು ಮುಂಗಡ ಹಣವನ್ನೂ ತೆಗೆದುಕೊಳ್ಳದೆ ಹಿಂದಕ್ಕೆ ಕಳುಹಿಸಿದ್ದರಿಂದ ಅವರ ಮೇಲೆ ನಂಬಿಕೆ ಬಂತು.

ಮಾದರಿಗಳ ಆಲ್ಬಮ್‌ನಲ್ಲಿ ಕಲ್ಲಿನ ಬಣ್ಣಕ್ಕೂ ಶಿಲುಬೆಯ ಆಕಾರಕ್ಕೂ ಹತ್ತಾರು ಬಗೆಗಳಿದ್ದರೂ ಬರಹ ಮಾತ್ರ ಹೆಚ್ಚುಕಡಿಮೆ ಒಂದೇ: ಆತ್ಮಕ್ಕೆ ಶಾಂತಿ ಸಿಗಲಿ. ಆ ಹಾರೈಕೆಯಲ್ಲಿ ತಪ್ಪಿಲ್ಲ, ಆದರೆ ಕ್ರೈಸ್ತರ ನಿರೀಕ್ಷೆ ಅಲ್ಲಿಗೇ ಮುಗಿಯುವುದಿಲ್ಲ. ನಮ್ಮ ನಂಬಿಕೆಯ ಸಾರವಾದ ವಿಶ್ವಾಸಪ್ರಮಾಣವನ್ನು ಹೇಳುವಾಗಲೆಲ್ಲ ನಾವು ಬಾಯಿಬಿಟ್ಟು ಒಪ್ಪಿಕೊಳ್ಳುವುದು ಶರೀರದ ಪುನರುತ್ಥಾನವನ್ನು, ಅಂದರೆ ಸತ್ತವರು ದೇಹಸಹಿತ ಮತ್ತೆ ಏಳುವುದನ್ನು. ಸತ್ತು ಎದ್ದ ಯೇಸು ತೋಮನಿಗೆ ಕೈಯ ಗಾಯಗಳನ್ನು ತೋರಿಸಿದ್ದೂ ಶಿಷ್ಯರ ಎದುರಿನಲ್ಲೇ ಸುಟ್ಟ ಮೀನನ್ನು ತಿಂದದ್ದೂ ಸುವಾರ್ತೆಗಳಲ್ಲಿವೆ. ಬೈಬಲಿನಲ್ಲಿ, ಕೊರಿಂಥದ ಕ್ರೈಸ್ತರಿಗೆ ಬರೆದ ಮೊದಲನೆಯ ಪತ್ರದ 15ನೆಯ ಅಧ್ಯಾಯದಲ್ಲಿ ಪೌಲನು ಹೂಳುವುದನ್ನು ಬಿತ್ತನೆಗೇ ಹೋಲಿಸುತ್ತಾನೆ. ಬಿತ್ತಿದ ಕಾಳು ಬೇರೊಂದು ರೂಪ ತಾಳಿ ಮೇಲೇಳುವಂತೆ, ಅಳಿಯುವ ದೇಹವನ್ನು ಬಿತ್ತಿದಲ್ಲಿ ಅಳಿವಿಲ್ಲದ ದೇಹ ಏಳುತ್ತದೆ. ಮಳೆಗಾಲದ ಮೊದಲ ಬೆಳೆಯಾದ ಏಣಿಲು ಬೇಸಾಯಕ್ಕೆ ಭತ್ತ ನೆನೆಸಿ, ಬೈಹುಲ್ಲಿನಲ್ಲಿ ಕಟ್ಟಿಟ್ಟು ಮೊಳಕೆ ಬರಿಸುತ್ತಿದ್ದ ತಂದೆಯವರಿಗೆ ಒಪ್ಪುವ ಮಾತು ಅದೇ ಎನಿಸಿ, ಆ ಅರ್ಥದ ಎರಡು ಸಾಲುಗಳನ್ನು ಬರೆದುಕೊಟ್ಟೆ.

ಇಂಗ್ಲಿಷಿನಲ್ಲಾದರೆ ಬೇಗ ಮುಗಿಯುತ್ತದೆ ಎಂದು ಅಂಗಡಿಯವರು ಹೇಳಿದರು. ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಬೆಳೆದ ಕ್ರೈಸ್ತ ಸಭೆ ನಮ್ಮದು. ಪ್ರಾರ್ಥನೆ, ಹಾಡು, ಹೂಳುವ ಕ್ರಮ ಎಲ್ಲವೂ ಕನ್ನಡದಲ್ಲೇ ನಡೆದಿರುವಾಗ ಕಲ್ಲಿನ ಮೇಲೆ ಬೇರೆ ಭಾಷೆ ನನಗೆ ಬೇಡವಾಗಿತ್ತು. ಅವರು ಒಪ್ಪಿದರು. ಕಲ್ಲಿಗೆ ಅಂಟಿಸಿದ್ದ ಸ್ಟಿಕರ್‌ನಲ್ಲಿ 'ಪುನರುತ್ಥಾನ'ದ ಥಕಾರದ ಒತ್ತು ಹೋಗಿ ತಕಾರದ ಒತ್ತು ಕೂತಿತ್ತು. ಮರಳು ಊದಿಸಿ ಕೊರೆದ ಮೇಲಾದರೆ ತಿದ್ದುವ ಮಾತೇ ಇಲ್ಲ. ತೋರಿಸಿದಾಗ ಗೊಣಗದೆ ಸ್ಟಿಕರ್ ಕಿತ್ತು ಹೊಸದನ್ನು ಅಂಟಿಸಿದರು. ಕೆಲಸ ನಾಲ್ಕು ದಿನ ತಡವಾಯಿತು. ಬರಹವನ್ನು ಕೊರೆಯುವ ಮೊದಲು ಖುದ್ದಾಗಿ ಹೋಗಿ ಅಕ್ಷರ ಅಕ್ಷರವಾಗಿ ಓದಿ ಬರಬೇಕು.

ಆ ಸಾಲುಗಳನ್ನು ಓದಿದ ಕೆಲಸಗಾರರೊಬ್ಬರು, ಹಾಗಾದರೆ ಸುಟ್ಟವರು ಏಳುವುದಿಲ್ಲವೇ ಅಕ್ಕ, ಎಂದು ಕೇಳಿದರು. ಮಣ್ಣಿನಿಂದ ಮನುಷ್ಯನನ್ನು ಮಾಡಿದ ದೇವರಿಗೆ ಬೂದಿ ಅಡ್ಡಿಯಾಗದೆಂದು ನಾವು ನಂಬುತ್ತೇವೆ ಎಂದೆ. ಕಥೋಲಿಕ ಸಭೆಯೂ 1963ರಿಂದ ದಹನಕ್ಕೆ ಅವಕಾಶ ಕೊಟ್ಟಿದೆ. ಆದರೂ ಹೂಳುವುದನ್ನೇ ಮೇಲೆಂದು ಎಣಿಸುತ್ತದೆ, ಬೂದಿಯನ್ನು ಗಾಳಿಗೋ ನೀರಿಗೋ ಚೆಲ್ಲಬಾರದೆಂದು 2016ರಲ್ಲಿ ಮತ್ತೆ ಹೇಳಿದೆ. ದೇಹವನ್ನು ಕಳಚಿ ಎಸೆದ ಅಂಗಿಯಂತೆ ಕಾಣಬಾರದೆಂಬ ಕಾಳಜಿ ಅದರಲ್ಲಿದೆ, ನನಗೂ ಅದು ಸರಿಯೆನಿಸುತ್ತದೆ.

ಕಲ್ಲು ಕರಿ ಗ್ರಾನೈಟ್, ಎರಡು ಅಡಿ ಎತ್ತರ. ಸಾಗಾಟ ಮತ್ತು ಕೂರಿಸುವ ಕೂಲಿ ಸೇರಿ 18,500 ರೂಪಾಯಿ ಕೊಟ್ಟೆವು. ಅಕ್ಷರಗಳ ಕೊರೆತ ಉಗುರು ಇಳಿಯುವಷ್ಟು ಆಳವಾಗಿದೆ. ಚಿನ್ನದ ಬಣ್ಣ ಮಾತ್ರ ನಮ್ಮ ಊರಿನ ಮಳೆಗೆ ತಾಳಲಿಲ್ಲ, ಒಂದೇ ಮಳೆಗಾಲಕ್ಕೆ ಅಲ್ಲಲ್ಲಿ ಎದ್ದುಹೋಗಿದೆ. ಬಣ್ಣವಿಲ್ಲದೆಯೂ ಓದಲು ಬರುವುದರಿಂದ ಆ ಖರ್ಚನ್ನು ಬಿಡಬಹುದು. ನವೆಂಬರ್ 2ರ ಮೃತರ ಸ್ಮರಣೆಗೆ ಮೊದಲು ಕಲ್ಲು ಬೇಕಾದವರು ಆಗಸ್ಟ್ ತಿಂಗಳಲ್ಲೇ ಹೇಳಿಡುವುದು ಒಳ್ಳೆಯದು, ಅಕ್ಟೋಬರ್‌ನಲ್ಲಿ ಅವರ ಅಂಗಳದಲ್ಲಿ ಕಾಲಿಡಲು ಜಾಗವಿರುವುದಿಲ್ಲ.