ತುಕ್ಕು ಹಿಡಿಯದ ಫ್ರೇಮ್, ಕೈಕೊಡುವ ಬೋಲ್ಟು: ಕರಾವಳಿಯಲ್ಲಿ ಅಲ್ಯೂಮಿನಿಯಂ ರೋಡ್ ಬೈಕ್

ಸೈಕಲ್ ಇದು: 6061 ಅಲ್ಯೂಮಿನಿಯಂ ಫ್ರೇಮ್, ಕಾರ್ಬನ್ ಫೋರ್ಕ್, ಶಿಮಾನೊ ಸೋರಾ 2×9 ಗೇರ್ (ಮುಂದೆ ಎರಡು, ಹಿಂದೆ ಒಂಬತ್ತು ಹಲ್ಲುಚಕ್ರ), ರಿಮ್ ಬ್ರೇಕ್, ಪೆಡಲ್ ಸೇರಿ 10 ಕಿಲೊಗೆ ತುಸು ಕಡಿಮೆ. ಓಡಿದ್ದು ಹೆಚ್ಚಾಗಿ ಕಾರವಾರ, ಅಂಕೋಲಾ, ಕುಮಟಾ ನಡುವಿನ ಹೆದ್ದಾರಿ 66ರಲ್ಲಿ. ಆಗಾಗ ದೇವಿಮನೆ ಘಟ್ಟ ಹತ್ತಿ ಶಿರಸಿಗೆ.

‘ಅಲ್ಯೂಮಿನಿಯಂ ಅಲ್ವಾ, ತುಕ್ಕೇ ಹಿಡಿಯೂದಿಲ್ಲ’ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಮಾತು ಅರ್ಧ ಸರಿ. ಫ್ರೇಮಿನ ಕೊಳವೆಗಳು ಗಟ್ಟಿಮುಟ್ಟಾಗೇ ಇರುತ್ತವೆ. ಆದರೆ ಅದಕ್ಕೆ ಕಚ್ಚಿಕೊಂಡ ಬೋಲ್ಟುಗಳೆಲ್ಲ ಉಕ್ಕಿನವು. ಎರಡು ಲೋಹ ತಾಗುವಲ್ಲಿ ಉಪ್ಪಿನ ಪಸೆ ಸೇರಿದರೆ ಅದು ಪುಟ್ಟ ಬ್ಯಾಟರಿಯಂತೆ ಕೆಲಸ ಮಾಡುತ್ತದೆ, ಕರಗುವುದು ಅಲ್ಯೂಮಿನಿಯಂ. ಹೊರಗೆ ಕಾಣುವುದು ಬಿಳಿ ಪುಡಿ ಮಾತ್ರ. ಆ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಬೋಲ್ಟು ಒಳಗೇ ಬಿಗಿದುಕೊಳ್ಳುತ್ತದೆ.

ಮೊದಲು ಸಿಕ್ಕಿಬೀಳುವುದು ನೀರಿನ ಬಾಟಲಿ ಸ್ಟ್ಯಾಂಡಿನ ಎರಡು ಬೋಲ್ಟು. ಅಲ್ಲಿ ಫ್ರೇಮಿನೊಳಗೆ ಕೂರಿಸಿರುವುದು ತೆಳು ನಟ್ಟು. ಬೋಲ್ಟು ಹಿಡಿದುಕೊಂಡ ಮೇಲೆ ಬಲ ಹಾಕಿದರೆ ನಟ್ಟೂ ಜೊತೆಗೇ ಗಿರಗಿರ ತಿರುಗುತ್ತದೆ. ಆಮೇಲೆ ಡ್ರಿಲ್ ಮಾಡಿ ತೆಗೆಯುವುದೊಂದೇ ದಾರಿ. ಮೂರು ತಿಂಗಳಿಗೊಮ್ಮೆ ಬಿಚ್ಚಿ, ಬೋಲ್ಟಿನ ತಿರುಪಿನ ಮರೆಗೆ ಗ್ರೀಸ್ ಹಚ್ಚಿ ಮತ್ತೆ ಹಾಕಿ. ಐದು ನಿಮಿಷದ ಕೆಲಸ.

ಸೀಟ್ ಪೋಸ್ಟಿನದೂ ಇದೇ ಕತೆ, ಪೋಸ್ಟ್ ಅಲ್ಯೂಮಿನಿಯಂ ಆಗಿದ್ದರೂ ಸಹ. ಮಳೆಗಾಲದ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಹೊರಗೆಳೆಯಬೇಕು. ಎತ್ತರಕ್ಕೆ ಟೇಪ್ ಗುರುತು ಹಾಕಿಕೊಂಡು ಎಳೆದು, ಪೋಸ್ಟನ್ನೂ ಕೊಳವೆಯ ಒಳಮೈಯನ್ನೂ ಬಟ್ಟೆಯಿಂದ ಒರೆಸಿ, ಹೊಸ ಗ್ರೀಸ್ ಹಚ್ಚಿ. ಪೋಸ್ಟ್ ತೆಗೆದಾಗಲೇ ಸೈಕಲ್ಲನ್ನು ತಲೆಕೆಳಗು ಮಾಡಿ ಹತ್ತು ನಿಮಿಷ ಬಿಟ್ಟರೆ, ಜೂನ್‌ನಿಂದ ಪೆಡಲ್ ಅಚ್ಚಿನ ಹತ್ತಿರ ನಿಂತ ನೀರು ಇಳಿಯುತ್ತದೆ. ಕೆಲವು ಫ್ರೇಮುಗಳ ಅಡಿಯಲ್ಲಿ ಅದಕ್ಕೆಂದೇ ಸಣ್ಣ ತೂತಿರುತ್ತದೆ. ಕೆಂಪು ಮಣ್ಣು ತುಂಬಿ ಮುಚ್ಚಿರುವುದೇ ಹೆಚ್ಚು.

ನಿಜವಾಗಿ ಅಪಾಯದ್ದು ಕಣ್ಣಿಗೆ ಬೀಳದ ಜಾಗ: ಹ್ಯಾಂಡಲ್ ಪಟ್ಟಿಯ ಅಡಿ. ಕಾರವಾರದ ಸೆಕೆಯಲ್ಲಿ ಎರಡು ಗಂಟೆ ತುಳಿದರೆ ಅಂಗೈ ಬೆವರು ಪಟ್ಟಿಯೊಳಗೆ ಇಳಿಯುತ್ತದೆ. ಬೆವರೂ ಉಪ್ಪುನೀರೇ, ಅದರ ಮೇಲೆ ಕಡಲ ಗಾಳಿ ಬೇರೆ. ವರ್ಷಕ್ಕೊಮ್ಮೆ ಪಟ್ಟಿ ಸುತ್ತು ಬಿಚ್ಚಿ ನೋಡಿ. ಬಿಳಿ ಪುಡಿ ಉಜ್ಜಿದರೆ ಹೋಗಿ ಕೆಳಗೆ ನುಣುಪಿದ್ದರೆ ಚಿಂತೆಯಿಲ್ಲ. ಉಗುರು ಎಳೆದಾಗ ಸಿಕ್ಕಿಕೊಳ್ಳುವಂಥ ಗುಳಿಗಳಿದ್ದರೆ, ಅದರಲ್ಲೂ ಬ್ರೇಕ್ ಲಿವರ್ ಕಚ್ಚಿರುವ ಜಾಗದಲ್ಲಿ, ಆ ಹ್ಯಾಂಡಲ್ ಗುಜರಿಗೆ. ಘಟ್ಟ ಇಳಿಯುವಾಗ ಮುರಿಯುವುದು ಅಲ್ಲೇ. ಇದರಲ್ಲಿ ಜಿಪುಣತನ ಬೇಡ.

ತೊಳೆಯುವ ನೀರಿನ ಬಗ್ಗೆ ಒಂದು ಮಾತು. ನದೀಮುಖದ ಹತ್ತಿರದ ಊರುಗಳಲ್ಲಿ ಬೇಸಗೆಯಲ್ಲಿ ಬಾವಿ ನೀರು ಸವಳಾಗುತ್ತದೆ. ಅದರಲ್ಲೇ ಸೈಕಲ್ ತೊಳೆದರೆ ಉಪ್ಪು ಕಳೆಯುವ ಬದಲು ಹಚ್ಚಿದ ಹಾಗೆ. ಸಿಹಿನೀರು ಅರ್ಧ ಬಕೆಟ್ ಸಾಕು. ಸ್ಕೂಟರ್ ತೊಳೆಯುವ ಪ್ರೆಶರ್ ಪೈಪ್ ಮಾತ್ರ ಬೇಡ, ಬೇರಿಂಗಿನ ಗ್ರೀಸ್ ಕಿತ್ತು ಬರುತ್ತದೆ.

ಓಟದ ವಿಷಯಕ್ಕೆ ಬಂದರೆ, ‘ಅಲ್ಯೂಮಿನಿಯಂ ಸೈಕಲ್ ಬೆನ್ನು ಮುರಿಯುತ್ತದೆ’ ಎಂಬ ದೂರಿನಲ್ಲಿ ಮುಕ್ಕಾಲು ಪಾಲು ಗಾಳಿಯ ತಪ್ಪು. 25 ಮಿ.ಮೀ. ಟಯರಿಗೆ 110 ಪಿಎಸ್‌ಐ ಹೊಡೆದುಕೊಂಡು ಫ್ರೇಮನ್ನು ಬೈದರೆ ಏನು ಬಂತು? ಬ್ರೇಕಿನಲ್ಲಿ ಜಾಗವಿದ್ದರೆ 28 ಹಾಕಿ. 65ರಿಂದ 70 ಕಿಲೊ ತೂಕದವರಿಗೆ ಮುಂದೆ 70, ಹಿಂದೆ 75ರಿಂದ 80 ಪಿಎಸ್‌ಐ ಸಾಕು. ಹೆದ್ದಾರಿಯ ಅಂಚಿನಲ್ಲಿ ಒಡೆದ ಲಾರಿ ಟಯರಿನ ತಂತಿಗಳು ಬಿದ್ದಿರುತ್ತವೆ, ಕೂದಲಿನಷ್ಟು ಸಣ್ಣ. ಪಂಚರ್ ಆದಾಗ ಬರಿ ಟ್ಯೂಬ್ ಬದಲಿಸಿದರೆ ಅರ್ಧ ಕಿಲೋಮೀಟರಿಗೆ ಮತ್ತೆ ಪಂಚರ್. ಟಯರಿನ ಒಳಮೈಯನ್ನು ಬಟ್ಟೆಯಿಂದ ಸವರಿ: ಎಳೆ ಸಿಕ್ಕಿಕೊಂಡ ಕಡೆ ತಂತಿ ಇದೆ. ಟ್ಯೂಬಿನ ವಾಲ್ವ್ ಪ್ರೆಸ್ಟಾ. ಊರಿನ ಪಂಚರ್ ಅಂಗಡಿಯ ಪೈಪ್ ಅದಕ್ಕೆ ಕೂರುವುದಿಲ್ಲ. ಹಿತ್ತಾಳೆಯ ಅಡಾಪ್ಟರ್ ಒಂದನ್ನು ವಾಲ್ವಿಗೇ ತಿರುಗಿಸಿಟ್ಟಿರಿ, ಚೀಲದಲ್ಲಿ ಎರಡು ಟ್ಯೂಬ್ ಇರಲಿ.

ಕುಮಟಾದಿಂದ ಶಿರಸಿಗೆ ಸುಮಾರು 60 ಕಿ.ಮೀ. ಹಗುರ ಸೈಕಲ್ಲಿನ ಬೆಲೆ ತಿಳಿಯುವುದು ದೇವಿಮನೆಯಲ್ಲಿ, ಆದರೆ ಅಲ್ಲಿ ತೂಕಕ್ಕಿಂತ ಹಲ್ಲುಗಳ ಲೆಕ್ಕ ಮುಖ್ಯ. ಮುಂದೆ 34, ಹಿಂದೆ 32 ಹಲ್ಲಿದ್ದರೆ ನಿಮಿಷಕ್ಕೆ 60 ಸುತ್ತು ತುಳಿದು ಗಂಟೆಗೆ 8 ಕಿ.ಮೀ. ವೇಗದಲ್ಲಿ ಏರಬಹುದು, ಮಂಡಿಗೆ ತೊಂದರೆಯಿಲ್ಲ. ಹಿಂದಿನ ಅತಿ ದೊಡ್ಡ ಹಲ್ಲುಚಕ್ರ 25 ಹಲ್ಲಿನದಾದರೆ ಅದೇ ವೇಗಕ್ಕೆ 47 ಸುತ್ತು. ಕೊನೆಯ ತಿರುವುಗಳಲ್ಲಿ ನಿಂತೇ ತುಳಿಯಬೇಕು. ಕೊಳ್ಳುವಾಗ ಒಂದು ಕಿಲೊ ಇಳಿಸಲು ಹಣ ಸುರಿಯುವ ಬದಲು 32 ಹಲ್ಲಿನ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಕೇಳಿ ಹಾಕಿಸಿಕೊಳ್ಳಿ.

ಇಳಿಯುವಾಗ ಬ್ರೇಕನ್ನು ಒತ್ತಿಯೇ ಹಿಡಿಯಬೇಡಿ, ತಿರುವಿಗೆ ಮೊದಲು ಗಟ್ಟಿಯಾಗಿ ಒತ್ತಿ ಬಿಡಿ. ಮಳೆಯಲ್ಲಿ ಚಿರೇಕಲ್ಲಿನ ಕೆಂಪು ರಾಡಿ ಪ್ಯಾಡಿಗೂ ರಿಮ್ಮಿಗೂ ನಡುವೆ ಸಿಕ್ಕಿ ಕರಕರ ಅನ್ನುತ್ತದೆ. ಮನೆಗೆ ಬಂದ ಮೇಲೆ ಪ್ಯಾಡ್ ತೆಗೆದು ಬೆಳಕಿಗೆ ಹಿಡಿದರೆ ಮಿಣಮಿಣ ಹೊಳೆಯುವ ಚೂರುಗಳು ಕಾಣುತ್ತವೆ. ಅವು ರಿಮ್ಮಿನಿಂದಲೇ ಕಿತ್ತು ಬಂದ ಅಲ್ಯೂಮಿನಿಯಂ. ಬಿಟ್ಟರೆ ರಿಮ್ಮನ್ನೇ ಕೆರೆಯುತ್ತವೆ. ಸೂಜಿಯಲ್ಲಿ ಕಿತ್ತು, ಪ್ಯಾಡನ್ನು ಉಪ್ಪುಕಾಗದಕ್ಕೆ ನಾಲ್ಕು ಸಲ ಉಜ್ಜಿ. ಸವೆತ ತಿಳಿಯಲೆಂದು ರಿಮ್ಮಿನ ಮೇಲೆ ಹಾಕಿರುವ ಗುರುತು ಅಳಿಸಿಹೋದರೆ ರಿಮ್ ಮುಗಿಯಿತು.

ಚೈನು ಸವೆದು 0.75 ಶೇಕಡಾ ಉದ್ದವಾದಾಗ ಬದಲಿಸಿದರೆ ಕ್ಯಾಸೆಟ್ ಉಳಿಯುತ್ತದೆ. ತೆಂಗಿನೆಣ್ಣೆ ಬೇಡ, ಅಂಟಾಗಿ ಮಣ್ಣು ಹಿಡಿಯುತ್ತದೆ. ಗೇರ್ ತಡವರಿಸಿದರೆ ಡಿರೇಲರ್ (ಚೈನನ್ನು ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ದಾಟಿಸುವ ಭಾಗ) ಸ್ಕ್ರೂ ತಿರುವುವ ಮುನ್ನ ಕೇಬಲ್ಲಿನ ಹೊರಕವಚದ ತುದಿ ನೋಡಿ, ಇಲ್ಲಿ ಮೊದಲು ತುಕ್ಕು ಹಿಡಿಯುವುದು ಅದು. ಶಿರಸಿಯಲ್ಲಿ ಉಪ್ಪಿನ ಕಾಟವಿಲ್ಲ, ಬೂಷ್ಟಿನದಿದೆ. ಪ್ಲಾಸ್ಟಿಕ್ ಹೊದಿಕೆಗಿಂತ ಹಳೆಯ ಪಂಚೆ ಮೇಲು.

ಬಿಗಿಯುವಾಗ ಭಾಗದ ಮೇಲೆ ಅಚ್ಚಾಗಿರುವ ಅಂಕಿ ನೋಡಿ: ಹ್ಯಾಂಡಲನ್ನು ಫೋರ್ಕಿಗೆ ಸೇರಿಸುವ ಸ್ಟೆಮ್ಮಿಗೆ ಸಾಮಾನ್ಯವಾಗಿ 5 ನ್ಯೂಟನ್ ಮೀಟರ್. ಫೋರ್ಕಿನ ಕಾರ್ಬನ್ ಕೊಳವೆಯನ್ನು ಹಿಡಿಯುವುದೂ ಅದೇ ಸ್ಟೆಮ್. ಸ್ಪಾನರಿನ ಕೈಬಲಕ್ಕೆ ಕಾರ್ಬನ್ ಸದ್ದಿಲ್ಲದೆ ಸೀಳುತ್ತದೆ.

ಹಿಂದಿನ ಡಿರೇಲರನ್ನು ಹೊತ್ತ ಹ್ಯಾಂಗರ್ ಬೇಕೆಂದೇ ಮೆದುವಾಗಿ ಮಾಡಿದ ತುಂಡು. ಸೈಕಲ್ ಬಲಕ್ಕೆ ಬಿದ್ದರೆ ಫ್ರೇಮಿನ ಬದಲು ಅದು ಬಾಗುತ್ತದೆ. ಒಂದೊಂದು ಮಾದರಿಗೂ ಬೇರೆ ಆಕಾರ, ಕಾರವಾರದಲ್ಲಿ ಹುಡುಕಿ ಪ್ರಯೋಜನವಿಲ್ಲ. ಸೈಕಲ್ ಕೊಳ್ಳುವ ದಿನವೇ ಎರಡು ತೆಗೆದಿಡಿ. ಫ್ರೇಮಿನ ಬೆಸುಗೆಯ ಪಕ್ಕದಲ್ಲಿ ಬಣ್ಣ ಕೂದಲೆಳೆಯಂತೆ ಸೀಳಿದ್ದರೆ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ. ಊರಿನಲ್ಲಿ ವೆಲ್ಡಿಂಗ್ ಮಾಡಿಸಿದರೆ ಬಿಸಿಗೆ ಸುತ್ತಲಿನ ಲೋಹ ಮೆತ್ತಗಾಗಿ, ಬಿರುಕು ಬೆಸುಗೆಯ ಪಕ್ಕಕ್ಕೇ ಮತ್ತೆ ಬರುತ್ತದೆ.