ಅರ್ಥಿಂಗ್: ತಡೆಯನ್ನು 5 ಓಮ್‌ಗೆ ಇಳಿಸಬೇಕೇ, ಆರ್‌ಸಿಸಿಬಿ ಹಾಕಬೇಕೇ?

ಮನೆಯ ಅರ್ಥ್‌ಗೆ ಸ್ವಂತ ಎಲೆಕ್ಟ್ರೋಡ್ (ನೆಲದಲ್ಲಿ ಹೂತ ಲೋಹದ ರಾಡ್) ಒಂದೇ ಆಧಾರವಾಗಿದ್ದರೆ ಈ ಲೆಕ್ಕ ನೋಡಿ.

ಎಂಸಿಬಿ (ಕರೆಂಟ್ ಮಿತಿಮೀರಿದಾಗ ಬೀಳುವ, ಅಂದರೆ ವಿದ್ಯುತ್ ಕಡಿಯುವ ಸ್ವಿಚ್) ಮಾತ್ರ: ಗೀಸರಿನೊಳಗಿನ ಲೈವ್ ತಂತಿ ಅದರ ಲೋಹದ ಮೈಗೆ ತಗುಲಿದೆ ಎನ್ನಿ. ಅರ್ಥ್‌ನ ತಡೆ 5 ಓಮ್ ಇದ್ದರೂ 230 ವೋಲ್ಟ್‌ಗೆ ಹರಿಯುವುದು ಹೆಚ್ಚೆಂದರೆ 46 ಆಂಪಿಯರ್. 32 ಆಂಪಿಯರ್‌ನ ಸಿ ಮಾದರಿ ಎಂಸಿಬಿ ತಕ್ಷಣ ಬೀಳುವುದು ಖಚಿತವಾಗಲು 320 ಆಂಪಿಯರ್ ಬೇಕು, ಅಂದರೆ ಇಡೀ ದಾರಿಯ ತಡೆ ಸುಮಾರು 0.7 ಓಮ್. ಒಂದೆರಡು ರಾಡ್‌ಗಳಿಂದ ಇದು ಆಗದ ಮಾತು. ಎಂಸಿಬಿ ಬೀಳದೆ ಉಳಿದಷ್ಟೂ ಹೊತ್ತು ಗೀಸರಿನ ಮೈಯಲ್ಲಿ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜ್ ಇರುತ್ತದೆ.

30 ಮಿಲಿಆಂಪಿಯರ್ ಆರ್‌ಸಿಸಿಬಿ (ಅಷ್ಟು ಕರೆಂಟ್ ನೆಲಕ್ಕೆ ಸೋರಿದರೆ ಬೀಳುವ ಸ್ವಿಚ್): ಮುಟ್ಟುವ ವೋಲ್ಟೇಜನ್ನು 50 ವೋಲ್ಟ್‌ಗೆ ಮಿತಿಗೊಳಿಸಲು 1667 ಓಮ್ ಕೂಡ ಸಾಕು, ಕಾಗದದ ಮೇಲೆ. ಬೇಸಿಗೆಯಲ್ಲಿ ಮಣ್ಣು ಒಣಗಿದರೆ ತಡೆ ಹಲವು ಪಟ್ಟು ಏರಬಹುದು. ಆದ್ದರಿಂದ 200 ಓಮ್ ದಾಟಿದ್ದನ್ನು ನಂಬಬೇಡಿ.

ನಮ್ಮ ಆಯ್ಕೆ ಆರ್‌ಸಿಸಿಬಿ, ಜೊತೆಗೆ 100 ಓಮ್‌ನೊಳಗಿನ ಎಲೆಕ್ಟ್ರೋಡ್. ಇಳಿಯದಿದ್ದರೆ ರಾಡನ್ನು ಇನ್ನಷ್ಟು ಆಳಕ್ಕಿಳಿಸಿ, ಇಲ್ಲವೇ ಕನಿಷ್ಠ ರಾಡಿನ ಉದ್ದದಷ್ಟು ದೂರದಲ್ಲಿ ಎರಡನೆಯದನ್ನು ಹೂಳಿ. ಪಕ್ಕಪಕ್ಕದಲ್ಲೇ ಹೂತರೆ ಲಾಭ ಕಡಿಮೆ. ಅಂದಹಾಗೆ, ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಅರ್ಥನ್ನು ಪರೀಕ್ಷಿಸುವುದಿಲ್ಲ. ಅರ್ಥ್ ತಂತಿ ತುಂಡಾಗಿದ್ದರೂ ಗುಂಡಿ ಒತ್ತಿದಾಗ ಆರ್‌ಸಿಸಿಬಿ ಬೀಳುತ್ತದೆ.